ಗೇಟಿಗೆ ಅಡ್ಡ ನಿಲ್ಲಿಸಿದ ಕಾರು: ಕುಂಡ ಇಡಬೇಡಿ, ದೂರು ಕೊಡಿ

ಸರ್, ನಿಮ್ಮ ಗೇಟಿಗೆ ಅಡ್ಡ ಯಾರೋ ದಿನಾ ಕಾರು ನಿಲ್ಲಿಸ್ತಾರೆ, ಹೂಕುಂಡ ಇಟ್ಟು ತಡೀಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ಕಾಂಪೌಂಡಿನಾಚೆ ರಸ್ತೆ ಎಲ್ಲರದ್ದು; ಕುಂಡ, ಕಲ್ಲು, ಸರಪಳಿ ಇಟ್ಟರೆ ತಪ್ಪು ನಿಮ್ಮ ಮೇಲೇ ಬರುತ್ತೆ. ಆದರೆ ಗೇಟಿನ ಬಾಯಿಗೆ ಅಡ್ಡ ಯಾರೂ ನಿಲ್ಲಿಸೋ ಹಾಗಿಲ್ಲ, 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಲ್ಲೇ ಇದೆ. ನಂಬರ್ ಪ್ಲೇಟೂ ಗೇಟೂ ಒಟ್ಟಿಗೆ ಕಾಣೋ ಹಾಗೆ ಫೋಟೊ ತೆಗೆದು ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಹಾಕಿ. ತುರ್ತಿದ್ದರೆ 112.

ನಮ್ಮಪ್ಪನಿಗೆ ಎದೆನೋವು ಬಂದ ರಾತ್ರಿ ಗೇಟಿಗೆ ಹೀಗೇ ಒಂದು ಕಾರು ಅಡ್ಡ ಇತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀದಿ ತುದಿಯ ಆಟೊವರೆಗೆ ನಾನೂ ತಮ್ಮನೂ ಹೊತ್ತುಕೊಂಡು ಹೋದ್ವಿ. ಇನ್ನೂ ಕಾಯಬೇಡಿ ಸರ್, ಇವತ್ತೇ ದೂರು ಕೊಡಿ.