ರೀಚಾರ್ಜ್ ಹಾಕಿಸುವ ಮುಂಚೆ ದಿನ ಎಣಿಸಿ

ಪ್ರಶ್ನೆ: ನಮ್ಮದು ಗುಳೇದಗುಡ್ಡ, ಖಣ ನೇಯುವ ಮನೆ. ಅಪ್ಪ, ಅವ್ವ ಇಬ್ಬರ ಹತ್ತಿರವೂ ಕೀಪ್ಯಾಡ್ ಫೋನು. ನೆಟ್ ಬಳಸುವ ಮಾತೇ ಇಲ್ಲ. ಆದರೂ ಅಂಗಡಿಯವರು ಪ್ರತಿ ಸಲ 299ರ ಪ್ಯಾಕ್ ಹಾಕುತ್ತಾರೆ. ರೇಟು ಏರುತ್ತಲೇ ಇದೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ, ಮತ್ತು ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಕೀಪ್ಯಾಡ್ ಫೋನಿಗೆ ದಿನಾ ಒಂದೂವರೆ ಜಿಬಿ ಹಾಕಿಸುವುದು ಅಂದರೆ ಸೈಕಲ್ಲಿಗೆ ಪೆಟ್ರೋಲ್ ಹಾಕಿಸಿದ ಹಾಗೆ, ಅಲ್ವಾ?

2024ರ ಡಿಸೆಂಬರ್‌ನಲ್ಲಿ ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ, ಒಂದು ನಿಯಮ ತಂದಿತು. ನೆಟ್ ಬೇಡದವರಿಗೆ ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಪ್ಯಾಕ್ ತಂದವು. ಆಗಿನ ದರ ಹೀಗಿತ್ತು: ಜಿಯೋದಲ್ಲಿ 84 ದಿನಕ್ಕೆ 448 ರೂಪಾಯಿ, 336 ದಿನಕ್ಕೆ 1748. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ಪೂರ್ತಿ ವರ್ಷಕ್ಕೆ 1849. ಹಾಕಿಸುವ ದಿನ ಒಮ್ಮೆ ನೋಡಿಕೊಳ್ಳಿ, ದರ ಬದಲಾಗುತ್ತಲೇ ಇರುತ್ತದೆ.

ಈಗ ಲೆಕ್ಕ ಹಾಕೋಣ. 299ರ ಪ್ಯಾಕ್ 28 ದಿನಕ್ಕೆ. ಅಂದರೆ ವರ್ಷಕ್ಕೆ ಹನ್ನೆರಡು ಸಲ ಅಲ್ಲ, ಹದಿಮೂರು ಸಲ. 3,887 ರೂಪಾಯಿ ಆಯಿತು. ಏರ್‌ಟೆಲ್‌ನ ಕರೆಯ ಪ್ಯಾಕ್ ವರ್ಷಕ್ಕೆ 1849. ಒಂದು ಫೋನಿಗೆ ಎರಡು ಸಾವಿರದಷ್ಟು ಉಳಿತಾಯ, ನಿಮ್ಮ ಮನೆಯಲ್ಲಿ ಎರಡು ಫೋನು, ಅಲ್ಲಿಗೆ ನಾಲ್ಕು ಸಾವಿರ ರೊಕ್ಕ ಸುಮ್ನೆ ಹೋಗುತ್ತಿದೆ. ಒಮ್ಮೆಲೇ 1849 ಕೊಡುವುದು ಕಷ್ಟ ಅನಿಸಿದರೆ 84 ದಿನದ್ದು ತಗೊಳ್ಳಿ. ದಿನದ ಲೆಕ್ಕದಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ, ಅರ್ಧ ರೂಪಾಯಿ ಅಷ್ಟೇ.

ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಆ್ಯಪ್ ತೆರೆದರೆ ಮೊದಲು ಕಾಣುವುದೇ ನೆಟ್ ಇರುವ ಪ್ಯಾಕ್‌ಗಳು. ಬರೀ ಕರೆಯ ಪ್ಯಾಕ್ ಎಲ್ಲೋ ಕೆಳಗೆ ಇರುತ್ತದೆ. "ವಾಯ್ಸ್ ಮಾತ್ರ ಇರುವುದು ಹಾಕಿ" ಅಂತ ಬಾಯಿಬಿಟ್ಟು ಕೇಳಬೇಕು, ಇನ್ನೂ ಒಳ್ಳೆಯದು ಅಂದರೆ ಮೊತ್ತವನ್ನೇ ಚೀಟಿಯಲ್ಲಿ ಬರೆದು ಅವ್ವನ ಕೈಗೆ ಕೊಡಿ.

ಇನ್ನೊಂದು ಮಾತು. ರೇಟು ಏರುವುದು ಅಂದರೆ ಬರೀ ಅಂಕಿ ಏರುವುದಲ್ಲ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದಾಗ ಎಲ್ಲರೂ ಬೈದರು. ಜಿಯೋದ 239 ಹೋಗಿ 299 ಆಯಿತು, ಕಣ್ಣಿಗೆ ಕಂಡಿತು. ಆದರೆ 2025ರ ಆಗಸ್ಟ್‌ನಲ್ಲಿ ಜಿಯೋ, ಏರ್‌ಟೆಲ್ ಎರಡೂ 249ರ ಪ್ಯಾಕನ್ನೇ ತೆಗೆದುಹಾಕಿದವು. ಅದನ್ನು ಹಾಕಿಸುತ್ತಿದ್ದವರು 299ಕ್ಕೆ ಹೋಗಬೇಕಾಯಿತು. ಬಿಎಸ್‌ಎನ್‌ಎಲ್ ಕೂಡ ಇದಕ್ಕೆ ಹೊರತಲ್ಲ, 107 ರೂಪಾಯಿಗೆ 35 ದಿನ ಕೊಡುತ್ತಿದ್ದದ್ದನ್ನು 28ಕ್ಕೆ ಇಳಿಸಿತು. ರೇಟು ಅದೇ, ದಿನ ಕಡಿಮೆ. ಬಿಸ್ಕೀಟಿನ ಪೊಟ್ಟಣ ಸಣ್ಣದಾಗುತ್ತಾ ಬಂದ ಹಾಗೆಯೇ. ಅದಕ್ಕೇ ನಾನು ಯಾವ ಪ್ಯಾಕ್ ನೋಡಿದರೂ ಮೊದಲು ರೂಪಾಯಿಯನ್ನು ದಿನದಿಂದ ಭಾಗಿಸುತ್ತೇನೆ. 28 ದಿನದ ಕಾಟ ಬೇಡ ಅಂದರೆ 30 ದಿನದ ಪ್ಯಾಕ್ ಕೇಳಿ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವುದನ್ನೂ ಕೇಳಬಹುದು. ಇವು ಒಂದೊಂದಾದರೂ ಇರಲೇಬೇಕು ಅಂತ ಟ್ರಾಯ್ 2022ರಲ್ಲೇ ಆದೇಶ ಮಾಡಿದೆ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಅಡತಿ ಅಂಗಡಿ ಇದೆ. ಅಂಗಡಿ ಬೋರ್ಡಿನ ಮೇಲೆ ಇರುವುದು ಲ್ಯಾಂಡ್‌ಲೈನ್ ನಂಬರೇ, ರೈತರಿಗೆ ಅದೇ ಬಾಯಿಪಾಠ. ಇಪ್ಪತ್ತು ದಿನ ಫೋನ್ ಸತ್ತಿತ್ತು. ಬಿಲ್ ಮಾತ್ರ ಪೂರ್ತಿ ಬಂತು, ಅದೂ ಮೊದಲಿಗಿಂತ ಜಾಸ್ತಿ. ಕಂಪನಿಗೆ ಎರಡು ಸಲ ಹೋಗಿ ಬಂದೆ.

ಉತ್ತರ: ಹೋಗಿ ಬಂದಿರಿ, ಸರಿ. ದೂರಿನ ನಂಬರ್ ಬರೆದುಕೊಂಡಿರಾ? ಹೆಚ್ಚಿನವರು ಎಡವುವುದು ಇಲ್ಲೇ. ಬಾಯಿಮಾತಿನ ದೂರಿಗೆ ಸಾಕ್ಷಿ ಇಲ್ಲ. ಕಂಪನಿಯ ದೂರಿನ ಲೈನ್ 198ಕ್ಕೆ ಕರೆ ಮಾಡಿ ಡಾಕೆಟ್ ನಂಬರ್ (ಅದೇ ದೂರಿನ ನಂಬರ್) ತಗೊಂಡು, ತಾರೀಖು ಸಮೇತ ಖಾತೆ ಪುಸ್ತಕದ ಹಿಂದೆ ಬರೆದಿಡಿ.

ಲ್ಯಾಂಡ್‌ಲೈನ್ ಕೆಟ್ಟು ಸರಿಯಾಗದಿದ್ದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕು ಅಂತ ನಿಯಮವೇ ಇದೆ. ಮೂರು ದಿನ ದಾಟಿದರೆ ಒಂದು ವಾರದ್ದು, ಏಳು ದಿನ ದಾಟಿದರೆ ಹದಿನೈದು ದಿನದ್ದು, ಹದಿನೈದು ದಿನ ದಾಟಿದರೆ ಒಂದು ತಿಂಗಳ ಬಾಡಿಗೆ. ನಿಮಗೆ ಸಿಗಬೇಕಾದ್ದು ಒಂದು ತಿಂಗಳದ್ದು. ಬಿಲ್ಲಿನಲ್ಲಿ ಅದು ಕಾಣದಿದ್ದರೆ ಲಿಖಿತವಾಗಿ ಕೇಳಿ. ಉತ್ತರ ಸರಿ ಅನಿಸದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ. ಟ್ರಾಯ್‌ಗೆ ಬರೆದು ಕಾಯಬೇಡಿ, ಅವರು ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ಕಡೆಗೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಟೆಲಿಕಾಂ ವ್ಯಾಜ್ಯವನ್ನು ಅಲ್ಲಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಬಿಲ್ ಜಾಸ್ತಿ ಬಂದದ್ದಕ್ಕೆ ಬಿಲ್ ನೋಡದೆ ಕಾರಣ ಹೇಳಲಾರೆ. ಆದರೆ ಒಂದು ನೋಡಿ: ಪ್ರಿಪೇಯ್ಡ್ ಮೊಬೈಲ್ ಪ್ಯಾಕ್‌ನಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ, ಲ್ಯಾಂಡ್‌ಲೈನ್ ಬಿಲ್ಲಿನಲ್ಲಿ ಬಾಡಿಗೆಯ ಮೇಲೆ 18% ಬೇರೆ ಬೀಳುತ್ತದೆ. ಹಳೇ ತಾಮ್ರದ ವೈರ್ ಇದ್ದರೆ ಫೈಬರ್‌ಗೆ ಬದಲಿಸಿ ಅದೇ ನಂಬರ್ ಉಳಿಸಿಕೊಡುತ್ತಾರಾ ಅಂತ ಕೇಳಿ. ಬೋರ್ಡ್ ಬದಲಿಸುವ ಖರ್ಚು ತಪ್ಪುತ್ತದೆ. ಲ್ಯಾಂಡ್‌ಲೈನ್ ನಂಬರನ್ನು ಮೊಬೈಲ್‌ಗೆ ಪೋರ್ಟ್ ಮಾಡುವ, ಅಂದರೆ ಅದೇ ನಂಬರ್ ಉಳಿಸಿಕೊಂಡು ಬದಲಾಗುವ ಸೌಲಭ್ಯ ನಮ್ಮಲ್ಲಿಲ್ಲ.

ಪ್ರಶ್ನೆ: ಖಾನಾಪುರ ತಾಲೂಕಿನ ಕಾಡಂಚಿನ ಊರು ನಮ್ಮದು. ದರ ಏರಿದ್ದಕ್ಕೆ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆಗೋಣ ಅಂತಿದ್ದೇನೆ. ಸರ್ಕಾರ ದರಕ್ಕೆ ಮಿತಿ ಹಾಕಬಾರದೇ?

ಉತ್ತರ: ಮೊಬೈಲ್ ದರ ಎಷ್ಟಿರಬೇಕು ಅಂತ ಕಂಪನಿಗಳೇ ತೀರ್ಮಾನಿಸುತ್ತವೆ. ಜಾರಿಗೆ ತಂದ ಏಳು ಕೆಲಸದ ದಿನದೊಳಗೆ ಟ್ರಾಯ್‌ಗೆ ವರದಿ ಕೊಟ್ಟರಾಯಿತು, ಅಷ್ಟೇ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಪೋರ್ಟ್ ಒಂದೇ.

ಆದರೆ ಅವಸರ ಬೇಡ. ಊರಲ್ಲಿ ಯಾರಾದರೂ ಬಿಎಸ್‌ಎನ್‌ಎಲ್ ಸಿಮ್ ಬಳಸುತ್ತಿದ್ದರೆ ಅವರ ಫೋನ್ ಹಿಡಿದು ನಿಮ್ಮ ಮನೆ, ಹೊಲ, ಹಿತ್ತಿಲು ಎಲ್ಲಾ ಒಮ್ಮೆ ಸುತ್ತಿ ನೋಡಿ. ಬೆಳಗಾವಿ ಪೇಟೆಯಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಅನ್ನುವುದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಸಿಗ್ನಲ್ ಸಿಕ್ಕರೆ PORT ಅಂತ ಇಂಗ್ಲಿಷಿನಲ್ಲಿ ಬರೆಯುವ ಬದಲು ಅಂಗಡಿಯವರಿಗೇ ಹೇಳಿ, ನಿಮ್ಮ ಫೋನಿನಿಂದಲೇ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿಕೊಡುತ್ತಾರೆ. ಬರುವ ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಮತ್ತೆ, ಮೊನ್ನೆ ಮೊನ್ನೆ ವರ್ಷದ ಪ್ಯಾಕ್ ಹಾಕಿಸಿದ್ದರೆ ತಡೆಯಿರಿ. ಉಳಿದ ದಿನವಾಗಲಿ ಬ್ಯಾಲೆನ್ಸ್ ಆಗಲಿ ಹೊಸ ಕಂಪನಿಗೆ ಬರುವುದಿಲ್ಲ.