ಚಿಪ್ಪಿನೊಳಗಿನ ಇಂಗಾಲ ಯಾರದ್ದು? ನಿಮ್ಮ ಲೇಖನಕ್ಕೊಂದು ಉತ್ತರ

ನಮಸ್ಕಾರ.

ಚಿಪ್ಪುಗಳ ವಯಸ್ಸನ್ನು ಇಂಗಾಲದಿಂದ ಪತ್ತೆಹಚ್ಚುವ ಬಗ್ಗೆ ನೀವು ಕಳಿಸಿದ ‘ಕಾಲ ಹೇಳುವ ಚಿಪ್ಪುಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಮೂಲೆಗೆ ಎಸೆಯುವಂಥದ್ದೂ ಅಲ್ಲ. ಎಂಟನೇ ಪುಟದಲ್ಲಿ ಒಂದು ಸಾಲು ಇದೆ. ಅದೊಂದರ ಸಲುವಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಶುರುವಿನ ಮಾತು. ಎರಡು ಪುಟದ ತುಂಬ ಅಲೆ, ತಂಗಾಳಿ, ಮುಳುಗುವ ಸೂರ್ಯ, ‘ಕಾಲದ ಅನಂತ ಪ್ರವಾಹ’. ಚಿಪ್ಪು ಕಾಣಿಸಿಕೊಳ್ಳುವುದು ಮೂರನೇ ಪುಟದಲ್ಲಿ. ವಿಜ್ಞಾನ ಓದೋಣ ಅಂತ ಬಂದವರ ಕೈಗೆ ನೀವು ಅಲ್ಲಿಯವರೆಗೆ ಕೊಟ್ಟಿರುವುದೂ ಚಿಪ್ಪೇ, ಆದರೆ ಇನ್ನೊಂದು ಅರ್ಥದಲ್ಲಿ! ಆ ಎರಡು ಪುಟ ಪೂರ್ತಿ ಹೊಡೆದುಹಾಕಿ. ಬರೆದವರಿಗೆ ಹೊಟ್ಟೆ ಉರಿಯುತ್ತದೆ, ಗೊತ್ತು. ಓದುವವರಿಗೆ ಏನೂ ಕಳೆದಂತೆ ಅನಿಸುವುದಿಲ್ಲ.

ಮೂರನೇ ಪುಟದಲ್ಲಿ ‘ಚಿಪ್ಪು ಎಂದರೆ ಸುಣ್ಣ, ಬೇರೇನಲ್ಲ’ ಎಂದಿದ್ದೀರಿ. ಹಿಂದೊಮ್ಮೆ ನಾನೂ ಹೀಗೇ ಬರೆದು ಓದುಗರೊಬ್ಬರಿಂದ ಬೈಸಿಕೊಂಡಿದ್ದೆ. ಚಿಪ್ಪನ್ನು ಸುಟ್ಟರೆ ಸುಣ್ಣ. ಸುಡುವ ಮುಂಚೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಡುವಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಅದರ ಜೊತೆ ನಿಮ್ಮ ಇಡೀ ಲೇಖನಕ್ಕೆ ಬೇಕಾದ ಇಂಗಾಲವೂ ಹೋಗುತ್ತದೆ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ 12 ಗ್ರಾಂ ಇಂಗಾಲ. ಹಾಗಾಗಿ 10 ಮಿಲಿಗ್ರಾಂ ಚೂರಿನಿಂದ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಇಂಗಾಲ ಸಿಗುತ್ತದೆ. ಇಂದಿನ ಯಂತ್ರಗಳಿಗೆ ಅಷ್ಟು ಸಾಕು. ಇನ್ನೊಂದು ತಪ್ಪು ‘ಬೇರೇನಲ್ಲ’ ಅನ್ನುವುದು. ಹರಳುಗಳ ನಡುವೆ ಮತ್ತು ಒಳಗೆ ತುಸು ಪ್ರೋಟೀನ್ ಇರುತ್ತದೆ. ತೂಕದಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಐದು ಪಾಲು. ಅದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಲೇಖನದ ಬೆನ್ನುಮೂಳೆಯಂತಿರುವ ವಾಕ್ಯಕ್ಕೆ ಬರುತ್ತೇನೆ: ‘ಇಂಗಾಲ-14 ವಿಧಾನದಿಂದ ಯಾವುದೇ ಚಿಪ್ಪಿನ ವಯಸ್ಸನ್ನು ನಿಖರವಾಗಿ ಹೇಳಬಹುದು.’ ಇದರಲ್ಲಿ ‘ಯಾವುದೇ’ ತಪ್ಪು, ‘ನಿಖರವಾಗಿ’ಯೂ ತಪ್ಪು.

‘ಯಾವುದೇ’ಯಿಂದ ಶುರು ಮಾಡೋಣ. ಇಂಗಾಲ-14 ಅಂದರೆ ಗಾಳಿಯಲ್ಲಿ ಹುಟ್ಟುತ್ತಲೇ ಇರುವ, ತಾನಾಗಿ ಕ್ಷಯಿಸುವ ಇಂಗಾಲದ ಒಂದು ರೂಪ. ಜೀವಿ ಸತ್ತ ಮೇಲೆ ಹೊಸದು ಸೇರುವುದಿಲ್ಲ, ಉಳಿದದ್ದೆಷ್ಟು ಅಂತ ಅಳೆದು ವಯಸ್ಸು ಲೆಕ್ಕ ಹಾಕುತ್ತಾರೆ. ಅದು ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. 50 ಸಾವಿರ ವರ್ಷ ಕಳೆದರೆ ಉಳಿಯುವುದು ಸಾವಿರದಲ್ಲಿ ಎರಡು ಪಾಲು, ಚಿಲ್ಲರೆ. ಅದರಾಚೆಗೆ ಅಳೆಯಲು ಏನೂ ಇರುವುದಿಲ್ಲ ಅಂತಲೇ ಹೇಳಬೇಕು. ನೀವು ಆರನೇ ಪುಟದಲ್ಲಿ 10 ಕೋಟಿ ವರ್ಷದ ಅಮೋನೈಟಿನ (ಸುರುಳಿ ಚಿಪ್ಪಿನ, ಈಗಿಲ್ಲದ ಕಡಲಜೀವಿ) ವಯಸ್ಸನ್ನು ಇದೇ ವಿಧಾನದಿಂದ ಹೇಳಿಸಿದ್ದೀರಿ! ಅಮೋನೈಟುಗಳು ಅಳಿದುಹೋಗಿಯೇ 6.6 ಕೋಟಿ ವರ್ಷವಾಯಿತು. ಅಷ್ಟು ಹಳೆಯ ಚಿಪ್ಪಿನಲ್ಲಿ ಇಂಗಾಲ-14 ಏನಾದರೂ ಸಿಕ್ಕರೆ ಅದು ಆಮೇಲೆ ನುಗ್ಗಿದ ಕೊಳೆ, ಅಷ್ಟೇ. ಆ ಕೊಳೆಯ ಆಟ ಸಣ್ಣದಲ್ಲ. ಇಂಗಾಲ-14 ಪೂರ್ತಿ ಖಾಲಿಯಾದ ಚಿಪ್ಪಿಗೆ ನೂರಕ್ಕೆ ಒಂದು ಪಾಲು ಇಂದಿನ ಇಂಗಾಲ ಬೆರೆತರೆ ಸಾಕು, ಯಂತ್ರ ಸುಮಾರು 37 ಸಾವಿರ ವರ್ಷ ಎಂದು ತೋರಿಸುತ್ತದೆ. ಕೋಟಿ ವರ್ಷದ ಚಿಪ್ಪಾದರೂ ಅದೇ ಉತ್ತರ.

ಇನ್ನು ‘ನಿಖರವಾಗಿ’. ಇಲ್ಲೇ ನಿಮ್ಮ ಎಂಟನೇ ಪುಟದ ಸಾಲು ಬರುತ್ತದೆ: ‘ಕೆಲವೊಮ್ಮೆ ಜೀವಂತ ಬಸವನಹುಳುವಿಗೂ ಸಾವಿರಾರು ವರ್ಷ ವಯಸ್ಸು ಬರುವುದುಂಟು, ಆದರೆ ಇಂಥ ಅಪವಾದಗಳು ಅಪರೂಪ.’ ಇಷ್ಟು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲ ಸ್ವಾಮಿ, ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿ! ಅಮೆರಿಕದ ದಕ್ಷಿಣ ನೆವಾಡಾದ ಒರತೆಗಳಲ್ಲಿ ಬದುಕಿರುವ ಬಸವನಹುಳುಗಳ ಚಿಪ್ಪನ್ನು ಅಳೆದಾಗ ಸುಮಾರು 27 ಸಾವಿರ ವರ್ಷ ಬಂತು. 1984ರಲ್ಲಿ ಪ್ರಕಟವಾದ ಫಲಿತಾಂಶ ಅದು. ಯಂತ್ರ ಕೆಟ್ಟಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ನೆಲದಡಿಯ ನೀರು ಸುಣ್ಣದಕಲ್ಲಿನ ಪದರಗಳನ್ನು ಕರಗಿಸಿಕೊಂಡು ಒರತೆಗೆ ಬರುತ್ತದೆ. ಆ ಕಲ್ಲಿನ ಇಂಗಾಲ-14 ಯಾವ ಕಾಲಕ್ಕೋ ಮುಗಿದುಹೋಗಿದೆ. ಹುಳು ಪಾಪ, ನೀರಲ್ಲಿ ಸಿಕ್ಕಿದ ಇಂಗಾಲದಿಂದಲೇ ಮನೆ ಕಟ್ಟಿಕೊಂಡಿದೆ. ಹೊಸ ಮನೆಗೆ ಹಳೆ ಇಟ್ಟಿಗೆ.

ನಿಮ್ಮ ಲೇಖನದಲ್ಲಿ ಎಲ್ಲೂ ಬಾರದ ಪ್ರಶ್ನೆ ಇದೇ: ಚಿಪ್ಪಿನೊಳಗಿನ ಇಂಗಾಲ ಎಲ್ಲಿಂದ ಬಂತು? ಮರ ಗಾಳಿಯಿಂದ ನೇರವಾಗಿ ತೆಗೆದುಕೊಳ್ಳುತ್ತದೆ. ಕಡಲ ಚಿಪ್ಪು ಬಹುಪಾಲು ನೀರಲ್ಲಿ ಕರಗಿದ ಬೈಕಾರ್ಬೊನೇಟಿನಿಂದ ತೆಗೆದುಕೊಳ್ಳುತ್ತದೆ, ಸ್ವಲ್ಪ ಮಾತ್ರ ತಾನು ತಿಂದ ಆಹಾರದಿಂದ. ಆಳಸಮುದ್ರದ ನೀರು ಗಾಳಿಯ ಮುಖ ನೋಡಿ ನೂರಾರು ವರ್ಷ ಆಗಿರುತ್ತದೆ. ಅದು ಮೇಲೆದ್ದು ಬೆರೆತಾಗ ಮೇಲ್ಮೈ ನೀರಿಗೂ ವಯಸ್ಸಾಗುತ್ತದೆ. ಹೀಗಾಗಿ ಕಡಲ ಚಿಪ್ಪು ಹುಟ್ಟುವಾಗಲೇ ನಾನೂರು ವರ್ಷದ ಆಸುಪಾಸಿನ ಮುದುಕ. ತಳದ ನೀರು ಜೋರಾಗಿ ಮೇಲೇಳುವ ಕರಾವಳಿಗಳಲ್ಲಿ ಇದು ಇನ್ನೂ ಜಾಸ್ತಿ. ಎಲ್ಲ ಕಡೆಗೂ ಒಂದೇ ಅಂಕಿ ಕಳೆದು ಕೈತೊಳೆದುಕೊಳ್ಳುವ ಹಾಗಿಲ್ಲ.

ಹಾಗಾದರೆ ಒಂದು ಊರಿನ ಕಡಲಿಗೆ ಎಷ್ಟು ಕಳೆಯಬೇಕು ಅಂತ ಗೊತ್ತಾಗುವುದು ಹೇಗೆ? ಇದು ನನಗೆ ತುಂಬ ಇಷ್ಟವಾದ ಭಾಗ. ಮ್ಯೂಸಿಯಂಗಳ ಹಳೆಯ ಡಬ್ಬಿಗಳನ್ನು ತೆಗೆಯುತ್ತಾರೆ. ಇಂಥ ವರ್ಷ, ಇಂಥ ಕಡೆ ಜೀವಂತ ಹಿಡಿದದ್ದು ಅಂತ ಚೀಟಿ ಅಂಟಿಸಿದ ಚಿಪ್ಪು ಹುಡುಕುತ್ತಾರೆ. ಚೀಟಿಯ ವರ್ಷಕ್ಕೂ ಇಂಗಾಲ ಹೇಳುವ ವರ್ಷಕ್ಕೂ ಇರುವ ಅಂತರವೇ ಆ ಜಾಗದ ತಿದ್ದುಪಡಿ. ಆದರೆ ಚಿಪ್ಪು 1950ಕ್ಕಿಂತ ಹಿಂದಿನದಾಗಿರಬೇಕು. ಆಮೇಲೆ ನಡೆದ ಅಣುಬಾಂಬ್ ಪರೀಕ್ಷೆಗಳು ಗಾಳಿಯ ಇಂಗಾಲ-14 ಅನ್ನು 1960ರ ದಶಕದ ಹೊತ್ತಿಗೆ ಹತ್ತಿರ ಹತ್ತಿರ ಎರಡರಷ್ಟು ಮಾಡಿಬಿಟ್ಟವು. ಯಾರೋ ಹವ್ಯಾಸಿ ಸಂಗ್ರಹಕಾರ ನೂರಿಪ್ಪತ್ತು ವರ್ಷದ ಹಿಂದೆ ಮರೆಯದೆ ದಿನಾಂಕ ಬರೆದಿಟ್ಟಿದ್ದರಿಂದ ಇವತ್ತಿನ ಲೆಕ್ಕ ಸರಿಹೋಗುತ್ತದೆ. ಇಂಥದ್ದನ್ನು ಬಿಟ್ಟು ಸೂರ್ಯಾಸ್ತದ ಬಗ್ಗೆ ಬರೆದಿದ್ದೀರಲ್ಲ!

ಏಳನೇ ಪುಟದಲ್ಲಿ ಅರಗೊನೈಟ್, ಕ್ಯಾಲ್ಸೈಟ್ ಎಂಬ ಎರಡು ಹೆಸರು ಹೇಳಿ ಬಿಟ್ಟಿದ್ದೀರಿ, ಗಿಳಿಪಾಠದ ಹಾಗೆ. ಅವು ಯಾಕೆ ಬೇಕು ಅಂತ ಹೇಳಿ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಬಹಳಷ್ಟು ಶಂಖ, ಕಪ್ಪೆಚಿಪ್ಪುಗಳು ಅರಗೊನೈಟ್ ಕಟ್ಟುತ್ತವೆ. ಮುತ್ತಿನ ಹೊಳಪಿನ ಒಳಪದರವೂ ಅದೇ. ಆದರೆ ಅರಗೊನೈಟ್ ಅಷ್ಟು ಗಟ್ಟಿ ಕುಳವಲ್ಲ. ಮಣ್ಣಲ್ಲಿ ಹೂತು ನೀರು ತಾಗುತ್ತಿದ್ದರೆ ಕರಗಿ, ಮತ್ತೆ ಕ್ಯಾಲ್ಸೈಟ್ ಆಗಿ ಹರಳುಗಟ್ಟುತ್ತದೆ. ಹಾಗೆ ಹರಳುಗಟ್ಟುವಾಗ ಹೊರಗಿನ ಇಂಗಾಲವನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಅದಕ್ಕೇ ಪ್ರಯೋಗಾಲಯದವರು ಮೊದಲು ಎಕ್ಸ್‌ರೇ ಹಾಯಿಸಿ ನೋಡುತ್ತಾರೆ. ಅರಗೊನೈಟ್ ಇರಬೇಕಾದ ಕಡೆ ಕ್ಯಾಲ್ಸೈಟ್ ಕಂಡರೆ ಆ ಚೂರನ್ನು ನಂಬುವುದಿಲ್ಲ. ಸರಿ ಇದ್ದರೆ ಆಮ್ಲದಲ್ಲಿ ಮೇಲಿನ ಪದರ ಕರಗಿಸಿ ಚೆಲ್ಲುತ್ತಾರೆ. ಒಳಗಿನ ಭಾಗಕ್ಕೆ ಮತ್ತೆ ಆಮ್ಲ ಹಾಕಿ, ನೊರೆಯೆದ್ದು ಬರುವ ಕಾರ್ಬನ್ ಡೈಆಕ್ಸೈಡನ್ನು ಅಳೆಯಲು ಹಿಡಿದಿಡುತ್ತಾರೆ. ಇನ್ನೊಂದು ಪೇಚು ಕಪ್ಪೆಚಿಪ್ಪಿನ ನೆಂಟ ಆಯ್‌ಸ್ಟರ್‌ನದ್ದು. ಅದರ ಚಿಪ್ಪು ಹುಟ್ಟಾ ಕ್ಯಾಲ್ಸೈಟ್, ಹಾಗಾಗಿ ಈ ಪರೀಕ್ಷೆ ಅದಕ್ಕೆ ನಡೆಯುವುದಿಲ್ಲ.

ಅಮೈನೋ ಆಮ್ಲದ ಪ್ಯಾರಾ ಚೆನ್ನಾಗಿದೆ, ಉಳಿಸಿಕೊಳ್ಳಿ. ಆಗಲೇ ಹೇಳಿದ ಪ್ರೋಟೀನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೀವಿ ಇರುವಾಗ ಆ ಪ್ರೋಟೀನನ್ನು ಕಟ್ಟಿರುವ ಅಮೈನೋ ಆಮ್ಲಗಳು ಹೆಚ್ಚುಕಡಿಮೆ ಎಲ್ಲ ಎಡಗೈ ರೂಪದವು; ಬಲಗೈ ರೂಪ ಅಂದರೆ ಅದರ ಕನ್ನಡಿಬಿಂಬ. ಸತ್ತ ಮೇಲೆ ನಿಧಾನಕ್ಕೆ ಬಲಗೈ ರೂಪಕ್ಕೆ ತಿರುಗುತ್ತವೆ. ಎರಡರ ಪ್ರಮಾಣ ನೋಡಿ ಕಾಲ ಅಂದಾಜಿಸಬಹುದು, ಇಂಗಾಲ-14 ಕೈಬಿಟ್ಟ ಮೇಲೂ. ನೀವು ಬಿಟ್ಟಿರುವುದು ತಾಪಮಾನದ ಮಾತು. ಬಿಸಿ ಜಾಸ್ತಿಯಿದ್ದಷ್ಟೂ ಈ ತಿರುಗಾಟ ಬೇಗ. ಒಂದೊಂದು ಜಾತಿಯಲ್ಲಿ ಒಂದೊಂದು ವೇಗ. ಆದ್ದರಿಂದ ಒಂದೇ ಜಾತಿಯ, ಒಂದೇ ಸೀಮೆಯ ಚಿಪ್ಪುಗಳನ್ನು ಮಾತ್ರ ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಎರಡು ವಾಕ್ಯ ಸೇರಿಸಿದರೆ ಮುಗಿಯಿತು.

ಐಸ್‌ಲ್ಯಾಂಡಿನ ಕಡಲಲ್ಲಿ ಸಿಕ್ಕ, ‘ಮಿಂಗ್’ ಎಂದು ಹೆಸರಾದ ಕಪ್ಪೆಚಿಪ್ಪಿಗೆ 405 ವರ್ಷ ಎಂದಿದ್ದೀರಿ. ಅದು ಹಳೆಯ ಲೆಕ್ಕ. 2006ರಲ್ಲಿ ಕಡಲಿಂದ ಎತ್ತಿದ ಆ ಚಿಪ್ಪನ್ನು ಕತ್ತರಿಸಿ ಮರದ ಉಂಗುರ ಎಣಿಸುವಂತೆ ಗೆರೆ ಎಣಿಸಿದರು. ಮೊದಲು ಎಣಿಸಿದ್ದು ಎರಡು ಚಿಪ್ಪು ಕೂಡುವ ಬಿಜಾಗರಿಯಂಥ ಜಾಗದಲ್ಲಿ. ಅಲ್ಲಿ ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. 2013ರಲ್ಲಿ ಹೊರ ಅಂಚಿನ ಕಡೆ ಎಣಿಸಿದಾಗ 507 ಬಂತು. ಅಂದರೆ ಅದು ಹುಟ್ಟಿದ್ದು 1499ರಲ್ಲಿ. ನೀವು ಇದನ್ನು ಬರೀ ದಾಖಲೆಯ ಹಾಗೆ ಹೇಳಿದ್ದೀರಿ. ಇದರ ನಿಜವಾದ ಬೆಲೆ ಬೇರೆ ಕಡೆ ಇದೆ. ಒಂದೇ ಕಡಲಿನ ಚಿಪ್ಪುಗಳಲ್ಲಿ ದಪ್ಪ ಗೆರೆ, ತೆಳು ಗೆರೆ ಒಂದಕ್ಕೊಂದು ಹೊಂದುತ್ತವೆ. ಬದುಕಿರುವ ಚಿಪ್ಪಿಗೆ ಸತ್ತದ್ದನ್ನು, ಅದಕ್ಕೆ ಇನ್ನೂ ಹಳೆಯದನ್ನು ಹೊಂದಿಸುತ್ತಾ ಅಲ್ಲಿ ಸಾವಿರ ವರ್ಷಕ್ಕೂ ಮೀರಿದ ಪಂಚಾಂಗ ಕಟ್ಟಿದ್ದಾರೆ. ಪ್ರತಿ ಗೆರೆಯ ವರ್ಷ ಗೊತ್ತಿರುವುದರಿಂದ ಆ ಗೆರೆಯ ಇಂಗಾಲ-14 ಅಳೆದರೆ ಆ ವರ್ಷ ಕಡಲ ನೀರು ಎಷ್ಟು ಮುದಿಯಾಗಿತ್ತು ಅಂತ ತಿಳಿಯುತ್ತದೆ. ನಮಗೆ ದಾರಿ ತಪ್ಪಿಸಿದ ಚಿಪ್ಪೇ ಈಗ ತಪ್ಪೆಷ್ಟು ಅಂತ ಲೆಕ್ಕ ಒಪ್ಪಿಸುತ್ತದೆ. ನೆವಾಡಾದ ಹುಳುವಿಂದ ಶುರು ಮಾಡಿ ಇಲ್ಲಿಗೆ ತಂದು ನಿಲ್ಲಿಸಿ.

ಭಾಷೆಯ ಬಗ್ಗೆ ಒಂದೇ ಉದಾಹರಣೆ. ‘ಮೃದ್ವಂಗಿಗಳಲ್ಲಿ ಜೈವಿಕ ಖನಿಜೀಕರಣ ಪ್ರಕ್ರಿಯೆಯು ಹೊದಿಕೆ ಅಂಗಾಂಶದ ಮುಖಾಂತರ ನೆರವೇರಿಸಲ್ಪಡುತ್ತದೆ.’ ಇದನ್ನು ಜೋರಾಗಿ ಓದಿ ನೋಡಿ, ಉಸಿರು ಕಟ್ಟುತ್ತದೆ ಅಲ್ವಾ? ‘ಹುಳುವಿನ ಮೈಸುತ್ತ ಇರುವ ತೆಳು ಪದರ ಚಿಪ್ಪಿನ ಅಂಚಿಗೆ ಚೂರುಚೂರೇ ಸೇರಿಸುತ್ತಾ ಹೋಗುತ್ತದೆ’ ಅಂದರೆ ಸಾಕು. ಹೀಗೆ ಬರೆದಾಗ ಇನ್ನೊಂದು ವಿಷಯವೂ ತಾನಾಗಿ ಹೊಳೆಯುತ್ತದೆ: ಶಂಖದ ತುದಿ ಮೊದಲು ಕಟ್ಟಿದ್ದು, ಬಾಯಂಚು ಕೊನೆಗೆ ಕಟ್ಟಿದ್ದು. ಅದು ಸತ್ತ ಕಾಲ ಬೇಕಿದ್ದರೆ ಚೂರು ತೆಗೆಯಬೇಕಾದದ್ದು ಅಂಚಿನಿಂದ.

ಹನ್ನೊಂದು ಪುಟ ಬೇಡ, ಐದಕ್ಕೆ ಇಳಿಸಿ. ಸ್ಟ್ರಾಂಷಿಯಂ, ಆಮ್ಲಜನಕದ ಐಸೋಟೋಪುಗಳ ಕಥೆ ಸದ್ಯಕ್ಕೆ ಬದಿಗಿಡಿ, ಅವು ಇನ್ನೊಂದು ಲೇಖನಕ್ಕಾಗುತ್ತವೆ. ಒಂದು ತಿಂಗಳೊಳಗೆ ಕಳಿಸಿದರೆ ನಾನೇ ಮತ್ತೆ ಓದುತ್ತೇನೆ. ಜೊತೆಗೆ ಕತ್ತರಿಸಿದ ಚಿಪ್ಪಿನ ಗೆರೆಗಳು ಕಾಣುವ ಚಿತ್ರ ಇರಲಿ. ಸೂರ್ಯಾಸ್ತದ ಫೋಟೋ ದಯವಿಟ್ಟು ಬೇಡ.

ಇಂತಿ,
ಸಂಪಾದಕ