ಕೈಗೆ ಕಬ್ಬಿಣ ಬೇಡ, ಮಗ್ಗುಲಿಗೆ ಹೊರಳಿಸಿ

ಅಕ್ಕಾ, ಶಾಲೆಯಲ್ಲಿ ಮಗನಿಗೆ ಫಿಟ್ಸ್ ಬಂದಾಗ ಕೈಗೆ ಬೀಗದಕೈ ಕೊಟ್ಟರು, ಅದರಿಂದಲೇ ನಿಂತಿತೇ, ಇನ್ನು ಶಾಲೆ ಬಿಡಿಸಬೇಕೇ ಎಂದು ಕೇಳಿದ್ದೀರಿ. ಕಬ್ಬಿಣದಿಂದ ನಿಲ್ಲುವುದಿಲ್ಲ. ಹೆಚ್ಚಿನ ಸೆಳೆತಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಅದಕ್ಕೇ ಕಬ್ಬಿಣ ಕೆಲಸ ಮಾಡಿದಂತೆ ಕಾಣುತ್ತದೆ.

ನನ್ನ ತಮ್ಮನಿಗೂ ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಇದೆ. ಸಾಗರದ ಬಳಿಯ ನಮ್ಮ ಮನೆಯಂಗಳದಲ್ಲಿ, ಒಣಹಾಕಿದ ಅಡಿಕೆಯ ಮೇಲೆಯೇ ಬಿದ್ದಿದ್ದ. ಯಾರೋ ಹಲ್ಲುಗಳ ನಡುವೆ ಚಮಚ ತುರುಕಿದ್ದರಿಂದ ಎದುರಿನ ಹಲ್ಲು ಮುರಿಯಿತು. ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಕೂಡ. ಕೈಕಾಲು ಅದುಮಿ ಹಿಡಿಯಬಾರದು. ತಲೆಯಡಿ ಮಡಚಿದ ಟವೆಲ್ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ 108ಕ್ಕೆ ಕರೆ ಮಾಡಿ. ನಮ್ಮ ಕಡೆ ಆಂಬುಲೆನ್ಸ್ ಬರಲು ಹೊತ್ತಾಗುತ್ತದೆ. ಸೆಳೆತ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಂ ಎಂಬ ಔಷಧಿಯನ್ನು ಮನೆಯಲ್ಲಿಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ಶಾಲೆ ಖಂಡಿತ ಬಿಡಿಸಬೇಡಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಶಿಕ್ಷಕರಿಗೆ ಕೊಡಿ. ಹೊಳೆಗೆ ಒಬ್ಬನೇ ಇಳಿಯದಿರಲಿ, ಬಚ್ಚಲಿನ ಚಿಲಕ ಹಾಕಿಕೊಳ್ಳದಿರಲಿ, ಹಂಡೆಯ ಒಲೆಗೆ ಬೆಂಕಿ ಹಾಕುವ ಕೆಲಸ ಬೇರೆಯವರದಾಗಲಿ. ಮಾತ್ರೆ ತಪ್ಪಿದರೆ ಸೆಳೆತ ಮರಳಬಹುದು. ಮಳೆಗೆ ರಸ್ತೆ ಕಡಿದುಹೋಗುವ ಊರುಗಳು ನಮ್ಮವು, ಜೂನ್‌ಗೆ ಮೊದಲೇ ಹೆಚ್ಚಿಗೆ ತಂದಿಡಿ.

ಎಚ್ಚರವಾದಾಗ ಸುತ್ತ ಜನ ನಿಂತಿದ್ದರೆ ಅವನಿಗೆ ನಾಚಿಕೆಯಾಗುತ್ತದೆ. ಗುಂಪು ಚದುರಿಸಿ, ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಾ ಪಕ್ಕದಲ್ಲೇ ಕುಳಿತಿರಿ.